ಮರಳವಾಡಿ ಟೈಮಿನಲ್ಲಿ ನೇಪಾಳ

ಯಾತ್ರೆ ಬಸ್ಸು ಹೊರಡಿಸುವವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾದ್ದಿಲ್ಲ. ಸೀಟು ತುಂಬಿದರೆ ಸಾಕು, ನಗೆಯ ಪ್ರಸಂಗಗಳೂ ಟಿಕೆಟ್ಟಿಲ್ಲದೆ ಹತ್ತಿ ಕೂತಿರುತ್ತವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ನನ್ನದೊಂದು ಸಣ್ಣ ಯಾತ್ರಾ ಆಫೀಸು ಇತ್ತು. ಕಾಶಿ, ಗಯಾ, ರಾಮೇಶ್ವರ ಎಲ್ಲ ಸುತ್ತಿಸಿದ್ದೆ. ನೇಪಾಳಕ್ಕೆ ಜನ ಕರೆದುಕೊಂಡು ಹೋದದ್ದು ಮಾತ್ರ ಅದೇ ಮೊದಲು. ಮೊಬೈಲು ಇನ್ನೂ ಬಾರದ ಕಾಲ. ಪಾಸ್‌ಪೋರ್ಟ್ ಬೇಡ, ಅಡುಗೆಯವರು ನಮ್ಮವರೇ, ಇನ್ನೇನು ತಾಪತ್ರಯ ಬಂದೀತು ಅಂದುಕೊಂಡಿದ್ದೆ. ಬಂದದ್ದು ಹದಿನೈದು ನಿಮಿಷದ ರೂಪದಲ್ಲಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ.

ಚೌಕಾಸಿ

ಗಡಿ ದಾಟಿದ ಕೂಡಲೇ ಬಸ್ಸಿನಲ್ಲಿ ಎದ್ದು ನಿಂತು, "ಎಲ್ಲರೂ ವಾಚು ಹದಿನೈದು ನಿಮಿಷ ತಿರುಗಿಸಿಕೊಳ್ಳಿ" ಎಂದು ಕೂಗಿದೆ. ಯಾವ ಕಡೆಗೆ ಅಂತ ಹೇಳುವುದು ಮರೆತೆ.

ಮರುದಿನ ಬೆಳಿಗ್ಗೆ ಏಳಕ್ಕೆ ಹೊರಡಬೇಕು. ವಾಚು ಮುಂದಕ್ಕೆ ತಿರುಗಿಸಿದವರು ಏಳಕ್ಕೆ ಬಂದು ಕೂತರು. ತಿರುಗಿಸದವರು ಕಾಲು ಗಂಟೆ ಬಿಟ್ಟು ಬಂದರು. ಹಿಂದಕ್ಕೆ ತಿರುಗಿಸಿದವರು ಏಳೂವರೆಗೆ, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು, ತಾವೇ ಮೊದಲು ಅನ್ನುವ ಗತ್ತಿನಲ್ಲಿ ಬಂದರು. ಒಂದೇ ಬಸ್ಸಿನಲ್ಲಿ ಮೂರು ದೇಶ!

ಚನ್ನಪಟ್ಟಣದ ಗೊಂಬೆ ಅಂಗಡಿಯವರೊಬ್ಬರಿಗೆ ಮಾತ್ರ ಈ ಲೆಕ್ಕವೇ ಒಪ್ಪಿಗೆಯಾಗಲಿಲ್ಲ. "ಒಂದು ಗಂಟೆ ಅನ್ನಿ, ಒಪ್ತೀನಿ. ಅರ್ಧ ಗಂಟೆ ಅನ್ನಿ, ಅದ್ಕೂ ಹೂಂ ಅಂತೀನಿ. ಇದ್ಯಾವ್ದು ಸ್ವಾಮಿ ಕಾಲು ಗಂಟೆ? ಅರ್ಧ ಗಂಟೆ ಹೇಳಿದ್ರಂತಾ, ಈ ನೇಪಾಳದೋರು ಚೌಕಾಸಿ ಮಾಡಿ ಇಳಿಸ್ಕಂಡ್ರಂತಾ?" ಎಂದರು.

ಹುಳ ಎದ್ದಾವಾ?

ಮಾಗಡಿ ಕಡೆಯ ರೈತರೊಬ್ಬರು ಮನೆಯಲ್ಲಿ ರೇಷ್ಮೆಹುಳ ಬಿಟ್ಟು ಬಂದಿದ್ದರು. ಹುಳ ಮೂರನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ಕೇಳುವ ಹೊತ್ತು. ಜವಾಬ್ದಾರಿ ತಮ್ಮನ ಮೇಲೆ. ನಂಬಿಕೆ ಮಾತ್ರ ತಮ್ಮನ ಮೇಲೆ ಇರಲಿಲ್ಲ. ದಿನಾ ಬೆಳಕು ಹರಿಯುವ ಮುಂಚೆ ಹೋಟೆಲಿನ ಕೌಂಟರಿನ ಫೋನಿನಿಂದ ಊರಿಗೆ ಕರೆ ಹಚ್ಚುತ್ತಿದ್ದರು. "ಏನ್ಲಾ, ಐದು ಗಂಟೆಯಾಯ್ತು, ಸೊಪ್ಪು ಹಾಕಿದ್ಯೇನ್ಲಾ?"

ನೇಪಾಳದಲ್ಲಿ ಐದು. ಮಾಗಡಿಯಲ್ಲಿ ಇನ್ನೂ ಕಾಲು ಗಂಟೆ ನಿದ್ದೆ ಬಾಕಿ. ಮೂರನೇ ದಿನ ತಮ್ಮ ಕಿರುಚಿದ್ದು ಕೌಂಟರಿನ ಈಚೆ ನಿಂತ ನನಗೂ ಕೇಳಿಸಿತು. "ಅಣ್ಣಾ, ಊರಲ್ಲಿದ್ದಾಗ ಬಿಸ್ಲು ಮುಖಕ್ಕೆ ಹೊಡದ್ರೂ ನೀನು ಎದ್ದೋನಲ್ಲ. ಈಗ ಹಿಮಾಲಯದಿಂದ ನನ್ನ ಎಬ್ಬಿಸ್ತೀಯಲ್ಲ! ಹುಳಾನೇ ಇನ್ನೂ ಎದ್ದಿಲ್ಲ ಕಣಣ್ಣ, ಮಡುಗು ಫೋನ!"

ಗೌರಮ್ಮನ ಕೆಲಸ

ಕಠ್ಮಂಡುವಿನಲ್ಲಿ ಹೋಟೆಲಿನ ಯಜಮಾನರನ್ನೇ ಕೇಳಿದೆ, ಯಾಕೆ ಸ್ವಾಮಿ ಈ ಕಾಲು ಗಂಟೆ ಅಂತ. ಪಾಪ, ಸಮಾಧಾನವಾಗಿ ವಿವರಿಸಿದರು. ಹೊತ್ತು ಮೂಡಣದಿಂದ ಬರುತ್ತದೆ. ಒಂದೊಂದು ದೇಶ ಒಂದೊಂದು ಜಾಗ ಗುರುತು ಮಾಡಿಕೊಂಡು ಗಡಿಯಾರ ಇಡುತ್ತದೆ. ಭಾರತದ್ದು ಅಲಹಾಬಾದಿನ ಕಡೆಯ ಲೆಕ್ಕ. ನೇಪಾಳದವರದು ಅದಕ್ಕಿಂತ ಮೂಡಣಕ್ಕಿರುವ ಗೌರೀಶಂಕರ ಅನ್ನುವ ಬೆಟ್ಟದ ಲೆಕ್ಕ. ಅಲ್ಲಿಗೆ ಬಿಸಿಲು ಮೊದಲು ಬೀಳುತ್ತದೆ, ಅದಕ್ಕೇ ಅವರು ಮುಂದೆ.

ಇದನ್ನೆಲ್ಲ ಕನ್ನಡ ಮಾಡಿ ನಮ್ಮವರಿಗೆ ಹೇಳಿದೆ. ಎಲ್ಲರೂ ಪಿಳಿಪಿಳಿ ನೋಡಿದರು. ನಮ್ಮ ಗುಂಪಿನ, ಮರಳವಾಡಿ ಊರಿನ ಅಜ್ಜಿಯೊಬ್ಬರಿಗೆ ಮಾತ್ರ ತಕ್ಷಣ ಅರ್ಥವಾಯಿತು.

"ಗೌರಮ್ಮ ಜೊತೇಲೇ ಅವ್ಳೆ ಕಣಪ್ಪಾ! ಅದ್ಕೇ ಶಿವ ಕಾಲು ಗಂಟೆ ಮುಂಚೆ ಎದ್ದವ್ನೆ. ಒಬ್ನೇ ಇದ್ದಿದ್ರೆ ಏಳ್ತಿದ್ನಾ?"

ಪಕ್ಕದಲ್ಲಿದ್ದ ಅಜ್ಜಿಯ ಗಂಡ, ತಾತ, ಶಾಲು ಸರಿಮಾಡಿಕೊಂಡರು.

ರಾಹುಕಾಲ

ಈ ಅಜ್ಜಿ ಬಂದದ್ದೇ ಆ ತಾತನಿಗಾಗಿ. ಹಿಂದಿನ ವರ್ಷ ಒಂದು ಶುಕ್ರವಾರ, ಬೇಡ ಬೇಡ ಅಂದರೂ ಕೇಳದೆ ರಾಹುಕಾಲದಲ್ಲಿ ತೋಟಕ್ಕೆ ಹೊರಟ ತಾತ ಎದೆ ಹಿಡಿದುಕೊಂಡು ಬದುವಿನ ಮೇಲೆ ಬಿದ್ದುಬಿಟ್ಟಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಅಜ್ಜಿ ಹರಕೆ ಕಟ್ಟಿಕೊಂಡಿದ್ದರು, ಎದ್ದು ಕೂತರೆ ಕೈಹಿಡಿದು ಪಶುಪತಿನಾಥನ ಮುಂದೆ ನಿಲ್ಲಿಸುತ್ತೇನೆ ಅಂತ. ತಾತ ಎದ್ದರು. ಅಂದಿನಿಂದ ರಾಹುಕಾಲದಲ್ಲಿ ಅವರನ್ನು ಹೊಸ್ತಿಲು ದಾಟಿಸಿದ್ದೇ ಇಲ್ಲ.

ನಮಗೆ ದರ್ಶನಕ್ಕೆ ಸಿಕ್ಕಿದ್ದು ಒಂದೇ ಬೆಳಿಗ್ಗೆ. ಅದೂ ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹನ್ನೆರಡರ ಹೊತ್ತಿಗೆ ಗುಡಿ ಬಾಗಿಲು ಹಾಕಿಬಿಡುತ್ತಾರೆ, ಆಮೇಲೆ ನಮ್ಮ ಬಸ್ಸು ಪೋಖರಾಕ್ಕೆ ಹೊರಡಬೇಕು. ಹತ್ತಕ್ಕೇ ಹೊರಡೋಣ ಅಂದಿದ್ದೆ. ಅಡುಗೆಯವರ ಸ್ಟೋವು ಕೈಕೊಟ್ಟು ಉಪ್ಪಿಟ್ಟು ತಡವಾಯಿತು. ಎಲ್ಲರೂ ಕೈತೊಳೆದು ಬರುವಾಗ ಹೋಟೆಲಿನ ಗಡಿಯಾರದಲ್ಲಿ ಹತ್ತು ನಲವತ್ತು.

ಅಜ್ಜಿ ಗಡಿಯಾರ ನೋಡಿ ಒಳಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನೀವು ಹೋಗ್ ಬನ್ನಿ ಮ್ಯಾನೇಜರಪ್ಪಾ. ಇವ್ರನ್ನ ಈಗ ಆಚೆ ಕರ್ಕಬರಕಿಲ್ಲ."

"ಅಜ್ಜೀ, ಇಷ್ಟು ದೂರ ಬಂದು..."

"ಗೊತ್ತು ಕಣಪ್ಪಾ." ಅವರ ಕಣ್ಣು ತುಂಬಿತ್ತು. "ಹರಕೆ ತೀರ್ಸಕ್ಕೋಗಿ ಇವ್ರನ್ನೇ ಕಳ್ಕಂಡ್ರೆ?"

ಬಸ್ಸಿನಿಂದ ಒಬ್ಬೊಬ್ಬರೇ ಇಳಿದು ಬಂದರು. ಅಜ್ಜಿ ಬಾರದೆ ನಾವೂ ಹೋಗಲ್ಲ ಅಂದರು. ಆಗ ಅಜ್ಜಿಗೇ ಏನೋ ಹೊಳೆಯಿತು. "ಒಸಿ ಮನೆಗೆ ಫೋನ್ ಹಾಕ್ಕೊಡಿ" ಅಂದರು. ಪುಣ್ಯಕ್ಕೆ ಲೈನು ಒಂದೇ ಸಲಕ್ಕೆ ಸಿಕ್ಕಿತು.

"ಲೇ ಸೊಸೆ, ಅಲ್ಲಿ ರಾಹುಕಾಲ ಬಂತಾ?"

ಮರಳವಾಡಿಯಿಂದ ಸೊಸೆ ಅಂದಳು: "ಇನ್ನೂ ಎರಡು ನಿಮಿಷ ಐತೆ ಅತ್ತೆ. ಯಾಕೆ?"

"ಹಂಗಂದ್ರೆ ನಮ್ಮನೆ ರಾಹು ಇನ್ನೂ ಬಂದಿಲ್ಲ! ಬೇರೆಯೋರ ರಾಹು ನಮಗ್ಯಾಕೆ? ನೀನು ಫೋನ್ ಮಡುಗಬ್ಯಾಡ, ಗಡಿಯಾರ ನೋಡ್ತಿರು!" ಅಜ್ಜಿ ರಿಸೀವರು ಕಿವಿಗೆ ಒತ್ತಿಕೊಂಡೇ ತಾತನ ತೋಳು ಹಿಡಿದು ಬಾಗಿಲಿಗೆ ನಡೆದರು. ವೈರು ಹಗ್ಗದ ಹಾಗೆ ಬಿಗಿಯಿತು. ಹೋಟೆಲಿನ ಯಜಮಾನರು ಫೋನಿನ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹಿಂದೆ ಓಡಿದರು. ಹೊಸ್ತಿಲಿಗೆ ಒಂದು ಮೊಳ ಇರುವಾಗ ವೈರು ಮುಗಿಯಿತು. ಅಜ್ಜಿ ತಾತನ ಬೆನ್ನಿಗೆ ಕೈಕೊಟ್ಟು ಆಚೆ ದಬ್ಬಿ, "ದಾಟುದ್ರು ಕಣೇ, ದಾಟುದ್ರು!" ಎಂದು ಮರಳವಾಡಿಗೇ ಕೇಳುವಂತೆ ಕೂಗಿದರು. ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದರು. ಕನ್ನಡ ಬಾರದ ಹೋಟೆಲಿನ ಯಜಮಾನರೂ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೊಡೆದರು.

ಬಾಗಿಲು ಹಾಕುವ ಮೊದಲೇ ದರ್ಶನವಾಯಿತು. ಅಜ್ಜಿ ತಾತನ ಕೈ ಬಿಡದೆ ನಿಂತು ಅತ್ತರು. ತಾತ, "ಸಾಕು ಬುಡೇ, ಬದುಕಿವ್ನಿ" ಅಂದರು. ನಾನು ಅತ್ತ ತಿರುಗಿ ಕಣ್ಣೊರೆಸಿಕೊಂಡೆ. ಈ ಕೆಲಸ ನನಗೆ ಕೊಟ್ಟ ದೇವರಿಗೆ, ಬಿಟ್ಟು ಹೋಗದ ಬಸ್ಸಿನವರಿಗೆ, ಫೋನು ಹೊತ್ತ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೊರಗೆ ಬಂದು ಅಜ್ಜಿ ಗುಡಿಯ ಮೆಟ್ಟಿಲ ಮೇಲೆ ಕೂತಾಗ ಸರಿಯಾಗಿ ಹನ್ನೆರಡು. ಡ್ರೈವರು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. "ಅಜ್ಜೀ, ಏಳಿ, ಇಲ್ಲಿ ರಾಹುಕಾಲವೂ ಮುಗಿಯಿತು, ಪೋಖರಾಕ್ಕೆ ಹೊರಡೋಣ" ಅಂದೆ.

ಅಜ್ಜಿ ಅಲುಗಾಡಲಿಲ್ಲ. ತಾತನನ್ನು ಪಕ್ಕಕ್ಕೆಳೆದು ಕೂರಿಸಿಕೊಂಡು ಹೇಳಿದರು:

"ಇಲ್ಲಿದು ಮುಗೀತು ಕಣಪ್ಪಾ. ನಮ್ಮನೇದು ಇನ್ನೂ ಕಾಲು ಗಂಟೆ ಐತೆ. ನೀವೂ ಕೂತ್ಕಳಿ."