ರಿಲೀಸಿಗೆ ಮೊದಲೇ ಎದ್ದ ಬ್ಯಾನರ್

ನನಗೆ ಜಂಬ ಸ್ವಲ್ಪ ಹೆಚ್ಚು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಮುಂದೆ ಹೇಳುವ ಮಾತಿನಲ್ಲಿ ಅದು ಹೇಗೂ ಹೊರಬೀಳುತ್ತದೆ. ಜಂಬ ಎಲ್ಲರಿಗೂ ಇರುತ್ತದೆ. ಕೆಲವರು ಅದನ್ನು ಟ್ರಂಕಿನಲ್ಲಿಟ್ಟು ಹಬ್ಬಕ್ಕೊಮ್ಮೆ ಹೊರಗೆ ತೆಗೆಯುತ್ತಾರೆ, ನಾನು ದಿನಾ ತೊಟ್ಟುಕೊಳ್ಳುತ್ತೇನೆ. ಹಾನಗಲ್ ತಾಲೂಕಿನ ಆಡೂರಿನವನು ನಾನು. ಗಲ್ಫಿನ ಒಂದು ಸಣ್ಣ ದೇಶದಲ್ಲಿ ಏಳು ವರ್ಷ ಏಸಿ ಮೆಕ್ಯಾನಿಕ್ ಆಗಿದ್ದೆ. ಆ ಬಿಸಿಲಿನಲ್ಲಿ ಒಂದಿಡೀ ಊರು ಮಧ್ಯಾಹ್ನ ನೆಮ್ಮದಿಯಾಗಿ ಮಲಗುತ್ತದೆ ಎಂದರೆ ಅದು ನನ್ನಂಥವರ ಕೈಗುಣ. ರಜೆಗೆ ಬಂದಾಗ ಯಾರ ಮನೆಗೆ ಹೋದರೂ ನಾನು ಮೊದಲು ಅವರ ಸೀಲಿಂಗ್ ಫ್ಯಾನನ್ನು ಕನಿಕರದಿಂದ ನೋಡುತ್ತೇನೆ. ಇದು ರೇಣುಕಾಗೆ, ಅಂದರೆ ನನ್ನ ಹೆಂಡತಿಗೆ, ಸ್ವಲ್ಪವೂ ಹಿಡಿಸುವುದಿಲ್ಲ.

ಇಂಥ ನನಗೆ ಅಲ್ಲಿಯೇ ಇನ್ನೊಂದು ಕಂಪನಿಯಿಂದ ಕರೆ ಬಂತು. ಮೆಕ್ಯಾನಿಕ್ ಅಲ್ಲ, ಫೋರ್‌ಮನ್. ಕೈಕೆಳಗೆ ಹನ್ನೆರಡು ಜನ. ನಮ್ಮೂರಲ್ಲಾದರೆ ಸಂಜೆ ಹಳೆಯ ಸಾಹುಕಾರರಿಗೆ ನಮಸ್ಕಾರ ಹೇಳಿ ಬೆಳಿಗ್ಗೆ ಹೊಸಬರಲ್ಲಿ ಹೋಗಿ ನಿಲ್ಲಬಹುದು. ಅಲ್ಲಿ ಹಾಗಲ್ಲ. ನನ್ನ ವೀಸಾ ಇದ್ದದ್ದೇ ಮಾಲೀಕರ ಹೆಸರಿನ ಮೇಲೆ. ಅವರನ್ನು ಕಫೀಲ ಎನ್ನುತ್ತಾರೆ. ಕಫೀಲರು ರಿಲೀಸ್ ಕಾಗದಕ್ಕೆ ಸಹಿ ಹಾಕಿದರೆ ಹೊಸ ಕಂಪನಿ. ಮುನಿಸಿಕೊಂಡು ವೀಸಾ ರದ್ದು ಮಾಡಿದರೆ ಮೊದಲು ವಿಮಾನ, ಆಮೇಲೆ ಹುಬ್ಬಳ್ಳಿಯಿಂದ ಬಸ್ಸು, ಆಮೇಲೆ ಆಡೂರಿನ ಕಟ್ಟೆ. ನಮ್ಮ ಕಫೀಲರು ಕೆಟ್ಟವರೇನಲ್ಲ. ಆದರೆ ಅದಕ್ಕೆ ಮೊದಲು ಒಬ್ಬ ಪ್ಲಂಬರ್ ಬೇರೆ ಕಡೆ ಹೊರಟಿದ್ದಾನೆಂಬ ಸುದ್ದಿ ಅವರಿಗೆ ಬೇರೆಯವರ ಬಾಯಿಂದ ಮುಟ್ಟಿತ್ತು. ಪ್ಲಂಬರ್ ವಾರದೊಳಗೆ ತನ್ನ ಊರು ಸೇರಿದ್ದ. ಹಾಗಾಗಿ ಅವರು ಚಹಾ ಕುಡಿದು ಹಗುರಾಗಿರುವ ಹೊತ್ತು ನೋಡಿ ನಾನೇ ಹೇಳಬೇಕೆಂದು ಕಾಯುತ್ತಿದ್ದೆ. ಅವರು ದಿನಕ್ಕೆ ಎಂಟು ಸಲ ಚಹಾ ಕುಡಿಯುತ್ತಿದ್ದರು, ಒಂದು ಸಲವೂ ನನಗೆ ಧೈರ್ಯ ಬರಲಿಲ್ಲ.

ರೇಣುಕಾಗೆ ಮಾತ್ರ ಫೋನಿನಲ್ಲಿ ತಿಳಿಸಿದೆ. “ಸಹಿ ಬೀಳೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದೆ. “ನಾ ಯಾಕ ಬಿಡ್ಲಿರಿ” ಎಂದಳು. ಸ್ವಲ್ಪ ತಡೆದು, “ನಿಮ್ಮದೊಂದು ಚಲೋ ಫೋಟೋ ಕಳಸ್ರಿ” ಎಂದಳು. ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಹೆಂಡತಿ ಫೋಟೋ ಕೇಳಿದ ಸಂಭ್ರಮದಲ್ಲಿ ಕರಿ ಕನ್ನಡಕ ಹಾಕಿಕೊಂಡದ್ದನ್ನು ಕಳಿಸಿಬಿಟ್ಟೆ.

ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗೆ ಯಾವ ಸರ್ಕಲ್ಲಿನಲ್ಲಿ ನಿಂತರೂ ಯಾರಾದರೊಬ್ಬರು ಬ್ಯಾನರಿನಲ್ಲಿ ನಗುತ್ತಿರುತ್ತಾರೆ. ಹುಟ್ಟುಹಬ್ಬವಾದರೂ ಬ್ಯಾನರ್, ಸೊಸೈಟಿಗೆ ನಿರ್ದೇಶಕರಾದರೂ ಬ್ಯಾನರ್, ಮಗ ಪಿಯುಸಿ ಪಾಸಾದರೂ ಬ್ಯಾನರ್. ಮೇಲೆ ದೊಡ್ಡ ಫೋಟೋ, ಕೆಳಗೆ ಶುಭ ಕೋರುವವರ ಸಣ್ಣ ಫೋಟೋಗಳ ಸಾಲು. ನಮ್ಮ ಜನರಿಗೆ ಮೆಚ್ಚುಗೆಯನ್ನು ಎದುರಿಗೆ ಹೇಳಲು ಬಹಳ ನಾಚಿಕೆ, ಹತ್ತಡಿ ಎತ್ತರದಲ್ಲಿ ಕಟ್ಟಲು ನಾಚಿಕೆಯಿಲ್ಲ. ರೇಣುಕಾ ಊರಿನ ಮಹಿಳಾ ಸ್ವಸಹಾಯ ಸಂಘದ ಅಧ್ಯಕ್ಷೆ. ಹಾನಗಲ್ ಬಸ್ ಸ್ಟ್ಯಾಂಡಿನ ಎದುರಿಗೆ ನಾನು ಕರಿ ಕನ್ನಡಕದಲ್ಲಿ ಎದ್ದು ನಿಂತೆ. ನನ್ನ ಕೆಳಗೆ ಸಂಘದ ಹತ್ತು ಜನ ಹೆಣ್ಣುಮಕ್ಕಳು, ನಡುವೆ ಅಧ್ಯಕ್ಷೆ.

ಅದೇ ದಿನ ಸವಣೂರಿನ ಒಬ್ಬರು ಕೆಲಸದ ಮೇಲೆ ಹಾನಗಲ್ಲಿಗೆ ಬಂದಿದ್ದರು. ಅವರು ನಮ್ಮ ಕಂಪನಿಯ ಡ್ರೈವರ್ ದಾದಾಪೀರನ ಭಾವ. ಬ್ಯಾನರಿನ ಫೋಟೋ ಹೊಡೆದು ಭಾವಮೈದುನನಿಗೆ ಕಳಿಸಿದರು. ದಾದಾಪೀರ ಅದನ್ನು ನೇರ ಕಂಪನಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಗುಂಪಿನಲ್ಲಿ ಕಫೀಲರೂ ಇದ್ದರು. “ತಪ್ಪಾತೇನ್ರಿ ಅಣ್ಣಾರ?” ಎಂದು ಕೇಳಿದ ನನ್ನ ಮುಖ ನೋಡಿ. “ನಮ್ಮ ಕಡೆಯವ್ರು ಮ್ಯಾಲೆ ಬಂದ್ರ ನಾಕು ಮಂದಿಗೆ ತೋರ್ಸಬಾರ್ದೇನು?”

ಮನೆಗೆ ಫೋನು ಮಾಡಿ ಕೂಗಾಡಿದೆ. “ಯಾರಿಗೂ ಹೇಳಬ್ಯಾಡ ಅಂದಿದ್ನಲ್ಲ.”

“ನಿಮ್ಮಾಣಿ, ಒಬ್ಬರ ಮುಂದೂ ಹೇಳಿಲ್ಲರಿ. ಬ್ಯಾನರ್ ಹಾಕ್ಸೇನಿ, ಅಷ್ಟ.” ಆಮೇಲೆ ದನಿ ಇಳಿಸಿ ಹೇಳಿದಳು: “ಏಳು ವರ್ಷ ಒಬ್ಬಾಕಿನ ಮನಿ ಸಂಬಾಳ್ಸೇನಿ. ನಿನ್ನ ಗಂಡ ಅಲ್ಲಿ ಏನ್ ಮಾಡ್ತಾನ ಅಂತ ಕೇಳಿದವರಿಗೆಲ್ಲ ಒಮ್ಮೆ ತೋರ್ಸಬೇಕಂತ ಅನ್ನಿಸ್ತರಿ.”

ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಕಫೀಲರು ಕರೆಯುತ್ತಿದ್ದಾರೆ ಎಂದು ಆಫೀಸಿನಿಂದ ಹೇಳಿಕಳಿಸಿದರು.

ಅವರ ಮೇಜಿನ ಮೇಲೆ ಮೊಬೈಲು, ಮೊಬೈಲಿನಲ್ಲಿ ನಾನು. ತಮ್ಮ ಹರಕು ಹಿಂದಿಯಲ್ಲಿ, ಇಲ್ಲಿ ಏನು ಬರೆದಿದೆ ಎಂದು ಕೇಳಿದರು. ಸುಳ್ಳು ಹೇಳೋಣವೆಂದರೆ ಕನ್ನಡ ಓದಬಲ್ಲ ದಾದಾಪೀರ ಬಾಗಿಲ ಹೊರಗೇ ನಿಂತಿದ್ದ. ‘ಗಲ್ಫಿನ ಪ್ರತಿಷ್ಠಿತ ಕಂಪನಿಗೆ ಫೋರ್‌ಮನ್ ಆಗಿ ಆಯ್ಕೆಯಾದ ನಮ್ಮೂರ ಹೆಮ್ಮೆಯ ಪುತ್ರ’ ಎಂಬುದನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಫೋಟೋ ಹಿಗ್ಗಿಸಿ ಹತ್ತೂ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. ನಡುವಿನವರು ಯಾರೆಂದು ಕೇಳಿದರು. ನನ್ನ ಹೆಂಡತಿ, ಈ ಸಾಲಿನವರೆಲ್ಲ ಶುಭ ಕೋರುವವರು ಎಂದೆ. ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟರು. ಪ್ಲಂಬರನ ಮುಖ ನನ್ನ ಕಣ್ಣ ಮುಂದೆ ಬಂತು.

ಕೊನೆಗೆ, ಏಳು ವರ್ಷ ನನ್ನ ಹತ್ತಿರ ಕೆಲಸ ಮಾಡಿದೆಯಲ್ಲ, ಆಗ ನಿಮ್ಮೂರಲ್ಲಿ ಇಂಥದ್ದನ್ನು ಒಂದಾದರೂ ಕಟ್ಟಿದ್ದರೇ ಎಂದು ಕೇಳಿದರು.

ಅದು ಸಿಟ್ಟಲ್ಲ, ನೋವು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಲ್ಲ ಸಾಹೇಬರೇ ಎಂದೆ. ನಿನ್ನನ್ನು ಫೋರ್‌ಮನ್ ಮಾಡಬೇಕಾಗಿದ್ದವನು ನಾನು ಎಂದು ಗೊಣಗಿ ರಿಲೀಸ್ ಕಾಗದ ತರಿಸಿದರು. ಸಹಿ ಹಾಕುವ ಮುಂಚೆ ಪೆನ್ನು ಮೇಲೆಯೇ ಹಿಡಿದು ಒಂದು ಷರತ್ತು ಹೇಳಿದರು: ಮುಂದಿನ ಬ್ಯಾನರಿನಲ್ಲಿ ಶುಭ ಕೋರುವವರ ಸಾಲಿನಲ್ಲಿ ತಾವೂ ಇರಬೇಕು. ಆ ದಿನ ನಾನು ಮೆಟ್ಟಿಲಿಳಿದು ಬಂದದ್ದು ನೆಲದ ಮೇಲೆ ಕಾಲಿಟ್ಟಲ್ಲ.

ಆರು ತಿಂಗಳ ನಂತರ ಫೋರ್‌ಮನ್ ಆಗಿಯೇ ರಜೆಗೆ ಬಂದೆ. ಕಫೀಲರಿಗೆ ನಾನು ಕೊಟ್ಟ ಮಾತು ಉಳಿಸಲು ರೇಣುಕಾ ಆ ವಾರವೇ ಹೊಸ ಬ್ಯಾನರ್ ಕಟ್ಟಿಸಿದ್ದಳು. ಬಿಳಿ ನಿಲುವಂಗಿ, ತಲೆವಸ್ತ್ರ, ತುಂಬುಗಡ್ಡದ ಅಂಥ ಗಂಭೀರ ಮನುಷ್ಯರನ್ನು ಸಣ್ಣ ಸಾಲಿಗೆ ಸೇರಿಸಲು ಹಾನಗಲ್ಲಿನ ಬ್ಯಾನರ್ ಅಂಗಡಿಯವನಿಗೆ ಮನಸ್ಸು ಬಂದಿರಲಿಲ್ಲ. ಅವರನ್ನು ದೊಡ್ಡದಾಗಿ ನಡುವೆ ಕೂರಿಸಿ, ನನ್ನನ್ನು ಸಂಘದ ಹೆಣ್ಣುಮಕ್ಕಳ ಪಕ್ಕಕ್ಕೆ ಇಳಿಸಿದ್ದ. ಆದರೂ ನಾನು ಅದೇ ಕರಿ ಕನ್ನಡಕ ಹಾಕಿಕೊಂಡು, ಯಾರಾದರೂ ಗುರುತು ಹಿಡಿಯಲಿ ಎಂದು ಅರ್ಧ ಗಂಟೆ ಅದರ ಕೆಳಗೆ ನಿಂತೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ಬ್ಯಾನರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಬ್ಯಾನರ್ ನೋಡಿದರು. ನಾನು ಎದೆ ಮುಂದೆ ಮಾಡಿದೆ.

“ಸ್ವಲ್ಪ ಬಾಜೂಕ ಸರೀರಿ,” ಎಂದರು ಅವರು. “ಬ್ಯಾನರ್ ಓದಾಕತ್ತೇನಿ.”