ಊಟ ಎರಡನೇ ಹಂತದಲ್ಲಿ

ಶಾಲಾ ಮಕ್ಕಳಿಗೆ ತಿನ್ನುವುದೂ ಬರುವುದಿಲ್ಲ, ಮಾತಾಡುವುದೂ ಬರುವುದಿಲ್ಲ ಎಂಬುದು ಮೇಲಿನ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಹುಟ್ಟಿದ ಮಗು ಮೊದಲು ಅಳುತ್ತದೆ, ಆಮೇಲೆ ಹಾಲು ಕುಡಿಯುತ್ತದೆ. ಎರಡನ್ನೂ ಯಾವ ತರಬೇತಿಯೂ ಇಲ್ಲದೆ, ಯಾರ ಅನುಮತಿಯೂ ಇಲ್ಲದೆ ಮಾಡುತ್ತದೆ. ಈ ಲೋಪವನ್ನು ಸರಿಪಡಿಸಲು ‘ಹಿತಮಿತ’ ಎಂಬ ಕಾರ್ಯಕ್ರಮ ಜಾರಿಗೆ ಬಂತು. ಹಿತವಾಗಿ ತಿನ್ನುವುದು, ಮಿತವಾಗಿ ಮಾತಾಡುವುದು.

ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಚಿತ್ರಕಲೆಯ ಅವಧಿಯನ್ನು ಗಣಿತ ನುಂಗಿ ವರ್ಷಗಳಾಗಿದ್ದವು. ಆಟದ ಅವಧಿಯಲ್ಲಿ ಮಕ್ಕಳು ಮೈದಾನದ ಕಸ ಹೆಕ್ಕುತ್ತಿದ್ದರು. ಮುಖ್ಯೋಪಾಧ್ಯಾಯರು ಪಟ್ಟಿಯ ಮೇಲೆ ಬೆರಳಾಡಿಸಿ, ಮಧ್ಯಾಹ್ನ ಅರ್ಧ ಗಂಟೆ ಮಕ್ಕಳು ಯಾವ ಪಾಠವೂ ಇಲ್ಲದೆ ಬರೀ ಊಟ ಮಾಡುತ್ತಾ ಕಾಲ ಕಳೆಯುತ್ತಿರುವುದನ್ನು ಪತ್ತೆ ಹಚ್ಚಿದರು. ಹಿತಮಿತ ಅಲ್ಲೇ ಹೋಗಿ ಕೂತಿತು.

ಕುತ್ತಿಗೆಗೆ ಗುರುತಿನ ಬಿಲ್ಲೆ ತೂಗುಹಾಕಿಕೊಂಡು ತರಬೇತಿಯ ಅಕ್ಕ ಬಂದಳು. ಅವಳ ನಿಯಮಗಳು ಸರಳವಾಗಿದ್ದವು. ಪ್ರತಿ ಮಗುವೂ ಡಬ್ಬಿ ತೆರೆದು, ಎದ್ದು ನಿಂತು, ಒಳಗಿರುವ ಆಹಾರವನ್ನು ತರಗತಿಗೆ ಪರಿಚಯಿಸಬೇಕು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವುದು ಅಶಿಸ್ತು. ಇನ್ನೊಬ್ಬರು ಮಾತಾಡುವಾಗ ಅಗಿಯುವುದು ಅವಮಾನ. ಎಲ್ಲರ ಮಾತೂ ಮುಗಿದ ಮೇಲೆ ಊಟ. ಎಲ್ಲರ ಮಾತೂ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು. ಗಂಟೆ ಹೊಡೆದ ಮೇಲೆ ತಿನ್ನಬಾರದೆಂಬುದು ಶಾಲೆಯ ಹಳೆಯ ನಿಯಮ. ಅದಕ್ಕೂ ಹಿತಮಿತಕ್ಕೂ ಸಂಬಂಧವಿಲ್ಲ.

ಚಿನ್ನಿ ಮೂರನೇ ತರಗತಿ. ಅವಳ ಅಮ್ಮ ಪೇಟೆ ಬೀದಿಯ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಸಂಜೆ ಬಂದು ಮಗಳ ಡಬ್ಬಿ ಎತ್ತಿದರೆ, ಬೆಳಿಗ್ಗೆ ಎಷ್ಟು ಭಾರವಿತ್ತೋ ಅಷ್ಟೇ ಭಾರ.

“ಯಾಕೇ, ಊಟ ಮಾಡಲಿಲ್ವಾ?”

“ಟೈಮ್ ಆಗ್ಲಿಲ್ಲಮ್ಮ. ಊಟದ ಬಗ್ಗೆ ಮಾತಾಡ್ತಿದ್ವಿ.”

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಬಿಡಲಿಲ್ಲ. “ಮಾತಿಂದ ಹೊಟ್ಟೆ ತುಂಬೋ ಹಾಗಿದ್ರೆ ಈ ಮನೇಲಿ ಒಲೆ ಹಚ್ಚೋದೇ ಬೇಡವಾಗಿತ್ತು. ನನ್ನ ಸೊಸೆ ಬಾಯಿ ಒಂದು ಸಾಕಾಗಿತ್ತು.”

ಎರಡನೇ ವಾರ ಪ್ರಾರ್ಥನೆಯ ಸಾಲಿನಲ್ಲಿ ಚಿನ್ನಿ ಕಣ್ಣಿಗೆ ಕತ್ತಲೆ ಕವಿದು ಕುಸಿದಳು. ಹಿಂದಿನ ಮಧ್ಯಾಹ್ನ ತುತ್ತು ಕಂಡಿರಲಿಲ್ಲ, ರಾತ್ರಿ ಬಳಲಿ ಊಟದ ಮುಂದೆಯೇ ನಿದ್ದೆ ಹೋಗಿದ್ದಳು. ತರಬೇತಿಯ ಅಕ್ಕ ಇದನ್ನು ದೇಹಭಾಷೆಯ ಉತ್ತಮ ಬಳಕೆ ಎಂದು ದಾಖಲಿಸಿ, ಹಸಿವೆಂಬ ಭಾವವನ್ನು ಮಾತಿಲ್ಲದೆ ತಲುಪಿಸಿದ್ದಕ್ಕೆ ಮಗುವಿಗೆ ಪೂರ್ತಿ ಅಂಕ ಕೊಟ್ಟಳು.

ಅಮ್ಮ ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ನುಗ್ಗಿದಳು. ಮುಖ್ಯೋಪಾಧ್ಯಾಯರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಅನುಷ್ಠಾನಾಧಿಕಾರಿಯಾದ್ದರಿಂದ ಅವರು ಕಾರ್ಯಕ್ರಮದ ವ್ಯಾಪ್ತಿಗೆ ಬರುತ್ತಿರಲಿಲ್ಲ.

“ಏನ್ರೀ ಸಾರ್, ನನ್ನ ಮಗಳನ್ನ ಉಪವಾಸ ಕೆಡವಿ...”

ಪಕ್ಕದ ಕುರ್ಚಿಯಿಂದ ತರಬೇತಿಯ ಅಕ್ಕ ಕೈ ಎತ್ತಿದಳು. “ಅಮ್ಮಾ, ದೂರನ್ನ ಹಾಗೆ ಹೇಳಬಾರದು. ಮೊದಲು ಒಂದು ಮೆಚ್ಚುಗೆ, ನಡುವೆ ದೂರು, ಕೊನೆಗೆ ಇನ್ನೊಂದು ಮೆಚ್ಚುಗೆ.”

ಅಮ್ಮ ಸೆರಗು ಸರಿಮಾಡಿಕೊಂಡಳು. “ಸಾರ್, ನಿಮ್ಮ ಮೇಜಿನ ಗಾಜು ಪಳಪಳ ಅಂತಿದೆ. ನನ್ನ ಮಗಳು ಹಸಿವಿಂದ ಬಿದ್ದಳು. ನಿಮ್ಮ ಫ್ಯಾನು ಚೆನ್ನಾಗಿ ತಿರುಗುತ್ತೆ.”

“ಬಹಳ ಚೆನ್ನಾಗಿ ಹೇಳಿದ್ರಿ,” ಎಂದಳು ಅಕ್ಕ.

“ಹೇಳಿದ್ದಾಯ್ತಲ್ಲ. ಮಗು ಯಾವಾಗ ತಿನ್ನಬೇಕು?”

ಮುಖ್ಯೋಪಾಧ್ಯಾಯರು ಬಿಸ್ಕತ್ತು ನುಂಗಿದರು. “ನೋಡಮ್ಮ, ಮೊದಲ ಹಂತ ಅರಿವು. ತಿನ್ನೋದು ಎರಡನೇ ಹಂತದಲ್ಲಿ ಬರುತ್ತೆ. ಅದಕ್ಕೆ ಇನ್ನೂ ಮಂಜೂರಾತಿ ಸಿಕ್ಕಿಲ್ಲ.”

“ಹೊಟ್ಟೆಗೆ ಅದು ಗೊತ್ತಿಲ್ವಲ್ಲ ಸಾರ್.”

“ಅದಕ್ಕೇ ಅರಿವು ಮೂಡಿಸ್ತಿರೋದು.”

ಅಮ್ಮ ಹೊರಡುವಾಗ ಮುಖ್ಯೋಪಾಧ್ಯಾಯರು ಒಂದು ಉಪಕಾರವನ್ನೂ ಮಾಡಿದರು. ದಿನಾ ನಿಜವಾದ ಊಟ ತಂದು ಕೆಡಿಸಬೇಕಿಲ್ಲ, ಗೇಟಿನ ಎದುರು ತಮ್ಮ ಭಾವಮೈದುನನ ಅಂಗಡಿಯಲ್ಲಿ ‘ಮಾತಿನ ಡಬ್ಬಿ’ ಸಿಗುತ್ತದೆ, ಒಳಗೆ ಮೇಣದ ಕ್ಯಾರೆಟ್, ಮೇಣದ ಸೌತೆ, ಮೇಣದ ಸೇಬು. ವರ್ಷವಿಡೀ ಪರಿಚಯಿಸಿದರೂ ಬಾಡುವುದಿಲ್ಲ ಎಂದರು. ಮರುವಾರ ಅದು ಕಡ್ಡಾಯವಾಯಿತು.

ಅಮ್ಮ ಮಾತಿನ ಡಬ್ಬಿ ಕೊಂಡಳು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನು ನಷ್ಟ? ಮನೆಗೆ ಬಂದು ಚಿನ್ನಿಯ ಸಮವಸ್ತ್ರದ ಲಂಗದ ಹೊಲಿಗೆ ಬಿಚ್ಚಿ, ನೆರಿಗೆಯ ಒಳಗೆ ಅಳತೆ ನೋಡಿ ಎರಡು ಆಳವಾದ ಜೇಬು ಹೊಲಿದಳು. ಬೇಯಿಸಿದ ಮೊಟ್ಟೆ ಒಂದರಲ್ಲಿ, ಮಡಚಿದ ಬ್ರೆಡ್ಡು ಇನ್ನೊಂದರಲ್ಲಿ. ಮಧ್ಯಾಹ್ನದ ಮೊದಲ ಅವಧಿ ಗಣಿತ. ಗಣಿತದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಗಂಟೆ ಹೊಡೆಯುವವರೆಗೆ ಈ ಕಡೆ ತಿರುಗುವ ಪೈಕಿಯವರಲ್ಲ.

“ಸದ್ದಾಗಬಾರದು, ವಾಸನೆ ಬರಬಾರದು, ಸಿಕ್ಕಿಬಿದ್ರೆ ಅಮ್ಮ ಹೊಲಿದಿದ್ದು ಅನ್ನಬಾರದು,” ಎಂದು ಹೇಳಿಕೊಟ್ಟಳು. ಸಂವಹನ ಕೌಶಲದಲ್ಲಿ ಚಿನ್ನಿಗೆ ಸಿಕ್ಕ ಮೊದಲ ಪಾಠ ಅದು.

ಮಗುವಿನ ಮುಖಕ್ಕೆ ಬಣ್ಣ ಬಂತು. ಬೇರೆ ತಾಯಂದಿರು ಹೊಲಿಗೆ ಅಂಗಡಿಯ ಹಿಂಬಾಗಿಲಿಗೆ ಬರತೊಡಗಿದರು. “ಅಕ್ಕಾ, ನಮ್ಮವನ ಚಡ್ಡಿಗೂ ಒಂದು.” “ನಮ್ಮವಳಿಗೆ ಸ್ವಲ್ಪ ಅಗಲ ಇಡಿ, ಬಾಳೆಹಣ್ಣು ಬಾಗಿರುತ್ತೆ.” ತಿಂಗಳೊಳಗೆ ಮೂರನೇ ತರಗತಿಯ ಗಣಿತ ಇಡೀ ಶಾಲೆಯಲ್ಲೇ ಅತ್ಯಂತ ಶಾಂತವಾದ ಅವಧಿಯಾಯಿತು. ಮೇಷ್ಟ್ರು ಒಮ್ಮೆ ತಿರುಗಿ ನೋಡಿದ್ದುಂಟು. ಶಾಂತಿ ಕದಡುವುದೇಕೆಂದು ಮತ್ತೆ ಬೋರ್ಡಿಗೆ ತಿರುಗಿದ್ದೂ ಉಂಟು.

ಆಗ ಮೇಲಿನ ಕಚೇರಿಯಿಂದ ಪರಿವೀಕ್ಷಕರು ಬರುವ ಸುದ್ದಿ ಬಂತು. ಸ್ವಾಗತ ಬರೆದ ಬಟ್ಟೆಗೆ ಅಂಚು ಹೊಲಿಯಲು ಚಿನ್ನಿಯ ಅಮ್ಮನನ್ನೇ ಕರೆಸಿ, ಮೂರನೇ ತರಗತಿಯ ಕಿಟಕಿಯ ಹೊರಗೆ ಕೂರಿಸಿದ್ದರು. ಪರಿವೀಕ್ಷಕರು ಹಿತಮಿತದ ಅವಧಿಗೆ ಬರಬೇಕಿತ್ತು. ದಾರಿಯಲ್ಲಿ ಊಟಕ್ಕೆ ನಿಂತು ತಡವಾಗಿ, ಗಣಿತದ ನಡುವೆ ಬಂದು ಬಾಗಿಲಲ್ಲಿ ನಿಂತರು.

ಅಮ್ಮನ ಸೂಜಿ ಬೆರಳಿಗೆ ಚುಚ್ಚಿತು. ಚಿನ್ನಿ ಆಗಷ್ಟೇ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದಳು. ಸಿಕ್ಕಿಬಿದ್ದರೆ ಜೇಬು ಹೋಯಿತು, ಊಟ ಹೋಯಿತು.

“ಆರೋಗ್ಯಕರ ಆಹಾರ ಅಂದ್ರೇನು? ನೀನು ಹೇಳು,” ಎಂದು ಪರಿವೀಕ್ಷಕರು ಚಿನ್ನಿಯತ್ತ ಬೆರಳು ತೋರಿದರು.

ಚಿನ್ನಿ ಎದ್ದು ನಿಂತಳು. ಬಾಯಿ ಬಿಡಲಿಲ್ಲ. “ನೀನು?” ಪಕ್ಕದವನೂ ಬಿಡಲಿಲ್ಲ. ಇಡೀ ತರಗತಿ ತುಟಿ ಬಿಗಿದು, ಕಣ್ಣರಳಿಸಿ ಅವರನ್ನೇ ನೋಡಿತು. ಮುಖ್ಯೋಪಾಧ್ಯಾಯರ ಹಣೆಯಿಂದ ಬೆವರು ಇಳಿಯಿತು.

ಪರಿವೀಕ್ಷಕರು ನಿಧಾನವಾಗಿ ಕನ್ನಡಕ ತೆಗೆದರು.

“ನನ್ನ ಸೇವಾವಧಿಯಲ್ಲಿ ಇಷ್ಟು ಏಕಾಗ್ರವಾಗಿ ಕೇಳಿಸಿಕೊಳ್ಳೋ ಮಕ್ಕಳನ್ನ ನೋಡಿಲ್ಲ. ಕೇಳೋದೇ ಸಂವಹನದ ಮೊದಲ ಮೆಟ್ಟಿಲು. ಒಬ್ಬನಾದ್ರೂ ದುಡುಕಿ ಉತ್ತರ ಕೊಟ್ಟನಾ?” ಬಗ್ಗಿ ಚಿನ್ನಿಯ ಮುಖ ನೋಡಿದರು. “ಕೆನ್ನೆ ನೋಡ್ರೀ, ಹೇಗೆ ತುಂಬಿಕೊಂಡಿದೆ! ಎಲ್ಲರದ್ದೂ! ಆಹಾರದ ಅರಿವು ಅಂದ್ರೆ ಇದು.”

ಮುಖ್ಯೋಪಾಧ್ಯಾಯರು ಬೆವರು ಒರೆಸಿಕೊಂಡು, ಇದೆಲ್ಲ ತಮ್ಮ ಯೋಜನೆಯಂತೆಯೇ ನಡೆದಿದೆ ಎಂದರು.

ಶಾಲೆಗೆ ಫಲಕ ಬಂತು. ಮರುದಿನದ ಪ್ರಾರ್ಥನೆಯಲ್ಲಿ ಪ್ರಕಟಣೆಯೂ ಆಯಿತು: ಗಣಿತದ ಅವಧಿಯಲ್ಲಿ ಇನ್ನು ಮುಂದೆ ಪ್ರತಿ ವಿದ್ಯಾರ್ಥಿಯ ಕೆನ್ನೆಯೂ ಪರಿವೀಕ್ಷಣೆಯ ದಿನ ಇದ್ದಂತೆಯೇ ಇರತಕ್ಕದ್ದು. ಹೇಗೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಗಣಿತ ಕಲಿಯಲೇಬೇಕೆನ್ನುವವರು ಸಂಜೆ ಶುಲ್ಕ ಸಮೇತ ಮೇಷ್ಟ್ರ ಮನೆಗೆ ಹೋಗಬಹುದಿತ್ತು. ಜೇಬಿನ ಸಮವಸ್ತ್ರ ಭಾವಮೈದುನನ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಹೊಲಿಗೆಯ ಗುತ್ತಿಗೆ ಚಿನ್ನಿಯ ಅಮ್ಮನಿಗೇ ಸಿಕ್ಕಿತು. ಹಿತಮಿತದ ಬಗ್ಗೆ ಯಾರಾದರೂ ಗೊಣಗಿದರೆ ಅವಳೀಗ, “ಕಾರ್ಯಕ್ರಮ ಒಳ್ಳೇದೇ ಕಣ್ರೀ, ಹೊಂದಿಕೊಳ್ಳಬೇಕಷ್ಟೆ,” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಚಿನ್ನಿ ಜಡೆ ಹಾಕಿಸಿಕೊಳ್ಳುತ್ತಾ ಹೇಳಿದಳು: “ಅಮ್ಮಾ, ಇವತ್ತಿಂದ ಎರಡು ಮೊಟ್ಟೆ ಹಾಕು. ಒಂದೇ ಆದ್ರೆ ಒಂದೇ ಕೆನ್ನೆ ಉಬ್ಬುತ್ತೆ. ಮೇಷ್ಟ್ರು ಅರ್ಧ ಮಾರ್ಕ್ಸೇ ಕೊಡೋದು.”

ಅಮ್ಮ ಪಾತ್ರೆಗೆ ಎರಡು ಮೊಟ್ಟೆ ಇಳಿಸಿದಳು.

“ಬುದ್ಧಿ ಇದೆಯೇನೇ ನಿಂಗೆ?” ಎಂದರು ಅತ್ತೆ. “ಎರಡೂ ಕೆನ್ನೆಗೇ ಆಯ್ತು. ಮೂರು ಹಾಕು. ನುಂಗೋಕೆ ಒಂದು ಬೇಡ್ವಾ?”

ಅದೂ ಸರಿ ಅನ್ನಿಸಿತು. ಅಮ್ಮ ಮೂರನೆಯದನ್ನೂ ಹಾಕಿದಳು.