ಹನ್ನೆರಡು ಗುಂಡಿಗಳ ಗಸ್ತು

ಬೆಳಿಗ್ಗೆ ಒಂಬತ್ತೂವರೆಗೆ ನೀರಿನ ಮೋಟಾರು ಹಾಕಿ ಕಾವಲು ಕೋಣೆಗೆ ಮರಳಿದ ಕಾವಲುಗಾರ ಸೀಟಿಗೆ ಕಿಟಕಿಯ ಕಟ್ಟೆಯ ಮೇಲಿದ್ದ ಬಿಸ್ಕತ್ತಿನ ಡಬ್ಬ ಕಾಣಲಿಲ್ಲ. ಮೇಜಿನ ಕೆಳಗೆ ನೋಡಿದ. ಕುರ್ಚಿ ಎತ್ತಿ ನೋಡಿದ. ಟೋಪಿ ತೆಗೆದು ಅದರೊಳಗೂ ನೋಡಿದ. ಆಮೇಲೆ "ಅಯ್ಯಯ್ಯೋ, ಹೋಯ್ತಲ್ಲಪ್ಪಾ!" ಎಂದು ಕಿರುಚಿದ. ಕಿರುಚಿದ್ದೇ ಅವನು ಆ ದಿನ ಮಾಡಿದ ಮೊದಲ ತಪ್ಪು.

ಡಬ್ಬದಲ್ಲಿ ಬಿಸ್ಕತ್ತು ಇರಲಿಲ್ಲ. ಅದರಲ್ಲಿದ್ದದ್ದು ಅವನ ನೌಕರಿ.

ವಿಷಯ ಇಷ್ಟೇ. ಆ ನಾಲ್ಕು ಮಹಡಿಯ ಕಟ್ಟಡದ ಕಾವಲಿನ ಗುತ್ತಿಗೆ ಹಿಡಿದಿದ್ದ ಸೆಕ್ಯೂರಿಟಿ ಕಂಪನಿಗೆ ತನ್ನ ಕಾವಲುಗಾರರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಾಗಾಗಿ ಜನರೇಟರಿನ ಹಿಂದೆ, ತಾರಸಿಯ ಬಾಗಿಲಲ್ಲಿ, ಲಿಫ್ಟಿನ ಪಕ್ಕದಲ್ಲಿ, ಹೀಗೆ ಹನ್ನೆರಡು ಕಡೆ ಗೋಡೆಗೆ ಉಕ್ಕಿನ ಗುಂಡಿ ಅಂಟಿಸಿತ್ತು. ಕಾವಲುಗಾರ ಗಂಟೆಗೊಮ್ಮೆ ಸುತ್ತು ಹೊಡೆದು, ಟಾರ್ಚಿನಂಥ ಒಂದು ಯಂತ್ರವನ್ನು ಪ್ರತಿ ಗುಂಡಿಗೂ ಮುಟ್ಟಿಸಬೇಕು. ಯಂತ್ರ 'ಪೀಂ' ಎನ್ನುತ್ತದೆ. ಯಾವ ಜಾಗ, ಎಷ್ಟು ಗಂಟೆ ಎಂಬುದು ಅದರ ಹೊಟ್ಟೆಯಲ್ಲಿ ಉಳಿಯುತ್ತದೆ.

ಮೊದಲ ವಾರ ಸೀಟಿ ಸುತ್ತಿದ. ಎರಡನೇ ವಾರ ಅವನ ಮೊಣಕಾಲು ಎಣ್ಣೆ ಕಾಣದ ಗೇಟಿನ ಹಾಗೆ ಸದ್ದು ಮಾಡತೊಡಗಿತು. ಮೂರನೇ ವಾರ ಅವನು ಸ್ಕ್ರೂಡ್ರೈವರ್ ತಂದು ಹನ್ನೆರಡೂ ಗುಂಡಿ ಕಿತ್ತು ಡಬ್ಬಕ್ಕೆ ಹಾಕಿಕೊಂಡ. ಅಂದಿನಿಂದ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಹದಿನೈದು ಸೆಕೆಂಡಿನಲ್ಲಿ ಇಡೀ ಕಟ್ಟಡ ಸುತ್ತಿ ಬರುತ್ತಿದ್ದ. ಒಂದು ಸುತ್ತೂ ತಪ್ಪಿಸದ ಕಾವಲುಗಾರನೆಂದು ಕಂಪನಿ ಅವನಿಗೆ ಪ್ರಮಾಣಪತ್ರ ಕೊಟ್ಟಿತ್ತು. ಅದಕ್ಕೆ ಕಟ್ಟು ಹಾಕಿಸಿ ಕುರ್ಚಿಯ ಮೇಲ್ಗಡೆ ನೇತುಹಾಕಿದ್ದ. ಕೊರಳಲ್ಲಿ ಸದಾ ತೂಗುವ ಸೀಟಿಯಿಂದಲೇ ಅವನಿಗೆ ಆ ಹೆಸರು ಬಂದಿತ್ತಾದರೂ ಅದನ್ನು ಅವನು ಊದಿದ್ದನ್ನು ಯಾರೂ ಕೇಳಿರಲಿಲ್ಲ.

ಒಂದು ಸುತ್ತು ತಪ್ಪಿದರೆ ನೋಟಿಸು, ಎರಡು ತಪ್ಪಿದರೆ ಸಮವಸ್ತ್ರ ಬಿಚ್ಚಿಟ್ಟು ಮನೆಗೆ. ಇದು ಅವನ ಐದನೇ ನೌಕರಿ. ಇದೂ ಹೋದರೆ ತನ್ನ ಹಿಟ್ಟಿನ ಗಿರಣಿಗೆ ಬರಬೇಕೆಂದು ಮಾವ ಎಂದೋ ಅಪ್ಪಣೆ ಮಾಡಿಯಾಗಿತ್ತು. ಗಿರಣಿಯಲ್ಲಿ ಕುರ್ಚಿಯೇ ಇರಲಿಲ್ಲ. ಇವತ್ತೊಂದು ದಿನ ನಿಜವಾಗಿಯೂ ನಡೆದುಬಿಡೋಣವೆಂದರೆ ಗೋಡೆಯಲ್ಲಿ ಮುಟ್ಟಿಸಲು ಏನೂ ಉಳಿದಿರಲಿಲ್ಲ.

"ಏನೋ ಅದು ಹೋಗಿದ್ದು?" ಮೂರನೇ ಮಹಡಿಯ ಬಾಲ್ಕನಿಯಿಂದ ಅಜ್ಜಿಯ ದನಿ ಬಂತು. ಆ ಕಟ್ಟಡಕ್ಕೆ ಕ್ಯಾಮೆರಾ ಹಾಕಿಸುವ ಮಾತು ಪ್ರತಿ ವರ್ಷ ಬಂದು, ಅಜ್ಜಿ ಇದ್ದಾರಲ್ಲ ಎಂದು ಪ್ರತಿ ವರ್ಷ ಬಿದ್ದುಹೋಗುತ್ತಿತ್ತು.

"ಏನಿಲ್ಲ ಅಜ್ಜೀ, ಒಂದು ಬಿಸ್ಕತ್ತಿನ ಡಬ್ಬ."

"ಕಳ್ಳತನಾನಾ!" ಎಂದವರೇ ಅಜ್ಜಿ ಫೋನಿಗಾಗಿ ಒಳಗೆ ಓಡಿದರು. ಅವರು ನೆಲ ಒರೆಸುವವಳಿಗೂ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಬನಿಯನ್ನಿನಲ್ಲೇ ಕೆಳಗೆ ಬಂದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿವೃತ್ತರಾದವರು. ಅಳತೆಯ ಟೇಪು ಈಗಲೂ ಜೇಬಿನಲ್ಲೇ ಇರುತ್ತಿತ್ತು.

"ಹೋಗ್ಲಿ ಬಿಡಿ ಸಾರ್, ನಾಯಿ ಎಳ್ಕೊಂಡು ಹೋಗಿರತ್ತೆ," ಎಂದ ಸೀಟಿ.

"ಡಬ್ಬದ ಸಮೇತಾನಾ? ಮನೆಗೆ ಹೋಗಿ ಮುಚ್ಚಳ ತೆಗೆಯೋಣ ಅಂತಾನಾ? ಕಾಯೋನ ಕೋಣೆಗೇ ಕನ್ನ ಬಿದ್ದಿದೆಯಯ್ಯಾ! ಇವತ್ತು ಡಬ್ಬ, ನಾಳೆ ನಮ್ಮ ಫ್ರಿಜ್ಜು."

ಅಷ್ಟರಲ್ಲಿ ಬೀಟಿನ ಪೇದೆಯ ಮೋಟಾರುಬೈಕು ಗೇಟಿನ ಮುಂದೆ ನಿಂತಿತು. ದಿನಾ ಹತ್ತು ಗಂಟೆಗೆ ಸೀಟಿಯ ಫ್ಲಾಸ್ಕಿನಿಂದ ಅರ್ಧ ಲೋಟ ಟೀ ಕುಡಿಯುವುದು ಅವನ ವಾಡಿಕೆ. ಕಳ್ಳತನವೆಂದು ಕೇಳಿದ ಕೂಡಲೇ ಅವನ ಮುಖ ಸಂತೆ ಮುಗಿದ ಬಯಲಿನ ಹಾಗಾಯಿತು.

"ಗೇಟಿನ ಒಳಗಿಂದು ಖಾಸಗಿ ಸಾರ್. ನಿಮ್ಮ ಕಂಪನಿಯವರನ್ನ ಕೇಳಿ."

ಕಾರ್ಯದರ್ಶಿಗಳು ಕಂಪನಿಯ ಸೂಪರ್‌ವೈಸರ್‌ಗೆ ಫೋನು ಹಚ್ಚಿದರು. "ಕಳ್ಳತನ ಅಂದ್ರೆ ಪೊಲೀಸ್ ಕೆಲಸ ಸಾರ್, ನಮ್ದು ಕಾಯೋದಷ್ಟೇ," ಎಂದಿತು ಆ ಕಡೆಯ ದನಿ.

"ಕಾಯೋದು ನಿಮ್ದು, ಹೋದ್ರೆ ಅವರದ್ದು. ಚೆನ್ನಾಗಿದೆ," ಎಂದು ಕಾರ್ಯದರ್ಶಿಗಳು ಟೇಪು ಎಳೆದರು. ಕಾವಲು ಕೋಣೆಯ ಕಿಟಕಿ ಕಾಂಪೌಂಡ್ ಗೋಡೆಯಲ್ಲೇ ಇತ್ತು. ಕಟ್ಟೆಯ ಮೇಲೆ ಡಬ್ಬ ಕೂತ ಜಾಗದಲ್ಲಿ ತುಕ್ಕಿನ ದುಂಡು ಗುರುತು ಉಳಿದಿತ್ತು. ಅವರು ಅಡ್ಡ ಅಳೆದರು, ಉದ್ದ ಅಳೆದರು, ಗೋಡೆಯ ನಡುಮಧ್ಯದಿಂದ ಎರಡೂ ಕಡೆಗೆ ಅಳೆದರು.

"ಮೂರು ಇಂಚು ಒಳಗೆ, ಮೂರು ಇಂಚು ರಸ್ತೆಗೆ. ನೋಡ್ರೀ ಪೇದೆಯವರೇ, ಅರ್ಧ ಡಬ್ಬ ನಿಮ್ಮ ಠಾಣೆಗೆ ಸೇರತ್ತೆ."

"ಹಂಗಾದ್ರೆ ಅರ್ಧ ದೂರು ಕೊಡಿ ಸಾರ್," ಎಂದ ಪೇದೆ.

ಕಾರ್ಯದರ್ಶಿಗಳು ನೇರವಾಗಿ ಇನ್ಸ್‌ಪೆಕ್ಟರಿಗೇ ಫೋನು ಮಾಡಿದರು. ನಾಲ್ಕು ಗಂಟೆಗೆ ಬರುತ್ತೇನೆಂದರು ಇನ್ಸ್‌ಪೆಕ್ಟರು. ಅಷ್ಟರಲ್ಲಿ ಸೂಪರ್‌ವೈಸರೇ ತಿರುಗಿ ಫೋನು ಮಾಡಿ, ಜೇನಿನಂಥ ದನಿಯಲ್ಲಿ ಹೇಳಿದ: "ನಾನೂ ನಾಲ್ಕಕ್ಕೇ ಬರ್ತೀನಿ ಸಾರ್. ಸೀಟಿಗೆ ಮೆಷಿನ್ ರೆಡಿ ಇಟ್ಕೊಳ್ಳಕ್ಕೆ ಹೇಳಿ. ಇವತ್ತಿನ ಒಂದೊಂದು ಸುತ್ತನ್ನೂ ನಿಮ್ಮೆದುರಿಗೇ ನೋಡೋಣ."

ಎಲ್ಲರೂ ಚದುರಿದ ಮೇಲೆ ಪೇದೆ ಟೀ ಬಗ್ಗಿಸಿಕೊಳ್ಳುತ್ತ ಕೇಳಿದ:

"ನಿಜ ಹೇಳಯ್ಯಾ, ಡಬ್ಬದಲ್ಲಿ ಏನಿತ್ತು?"

"ಗುಂಡಿ ಸಾರ್. ಹನ್ನೆರಡೂ."

ಪೇದೆ ನಕ್ಕ ರಭಸಕ್ಕೆ ಟೀ ಮೂಗಿನಿಂದ ಬಂತು. ಮೂಗು ಒರೆಸಿಕೊಂಡು, ಆ ಕಡೆ ಈ ಕಡೆ ನೋಡಿ, ಬೈಕಿನ ಪೆಟ್ಟಿಗೆಯಿಂದ ಊಟದ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಮುಚ್ಚಳ ತೆಗೆದ. ಒಳಗೆ ಉಕ್ಕಿನ ಗುಂಡಿಗಳು ಮಿನುಗುತ್ತಿದ್ದವು.

"ಹೋದ ತಿಂಗಳಿಂದ ನಮ್ಮ ಬೀಟಿಗೂ ಹಾಕಿದಾರಪ್ಪ. ಇದು ಬ್ಯಾಂಕು, ಇದು ಸ್ಕೂಲು, ಇದು ಸೇತುವೆ, ಇದು ಬಸ್ ನಿಲ್ದಾಣ. ಇದು ನಮ್ಮ ಇನ್ಸ್‌ಪೆಕ್ಟರ್ ಮನೆ ಗೇಟು. ಇದನ್ನ ಕೀಳೋವಾಗ ಮಾತ್ರ ಸ್ವಲ್ಪ ಕೈ ನಡುಗ್ತು."

"ನೀವೂ ಕಿತ್ರಾ ಸಾರ್?"

"ನೀನು ಕೂತಲ್ಲೇ ಪೀಂ ಅನ್ಸೋದನ್ನ ನೋಡೇ ಕಲ್ತಿದ್ದು, ಗುರುವೇ. ಎಲ್ಲಿ ಇಡ್ತೀಯ ಅಂತ ಮಾತ್ರ ಗೊತ್ತಿರ್ಲಿಲ್ಲ. ಮೆಷಿನ್ನೂ ಅದೇ, ಮಾಡೋನೂ ಅವನೇ. ತಗೋ, ಮುಟ್ಟಿಸು."

ಸೀಟಿ ತನ್ನ ಯಂತ್ರವನ್ನು ಬ್ಯಾಂಕಿನ ಗುಂಡಿಗೆ ಮುಟ್ಟಿಸಿದ. ಪೀಂ! ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಿಗೆ ಮಗುವಿನ ಅಳು ಕೇಳಿದಷ್ಟು ಸಮಾಧಾನವಾಯಿತು ಅವನಿಗೆ. ಪೀಂ ಅಂದರೆ ಸಾಕಿತ್ತು. ಆ ಪೀಂ ಎಲ್ಲಿಯದೆಂದು ಯೋಚಿಸುವಷ್ಟು ಉಸಿರು ಇಬ್ಬರಲ್ಲೂ ಇರಲಿಲ್ಲ.

ಹನ್ನೊಂದು, ಹನ್ನೆರಡು, ಒಂದು, ಎರಡು, ಮೂರು. ಪ್ರತಿ ಗಂಟೆಗೂ ಅವನು ಮುಟ್ಟಿಸಿದ ಮೇಲೆ ಇವನು, ಇವನು ಮುಟ್ಟಿಸಿದ ಮೇಲೆ ಅವನು. "ಬೆಳಿಗ್ಗೆಯಿಂದ ಅದೇನು ಪೀಂ ಪೀಂ ಅಂತ ಆಟ ಆಡ್ತಿದ್ದೀರೋ, ಇಬ್ರಿಗೂ ಬೇರೆ ಕೆಲಸ ಇಲ್ವಾ?" ಎಂದು ಅಜ್ಜಿ ಮೇಲಿನಿಂದ ಎರಡು ಸಲ ಗದರಿದರು.

ನಾಲ್ಕಕ್ಕೆ ಸೂಪರ್‌ವೈಸರ್ ಬಂದ. ಹೆಗಲಲ್ಲಿ ಚೀಲ, ಮುಖದಲ್ಲಿ ಇಲಿಯ ಬಿಲದ ಮುಂದೆ ಕೂತ ಬೆಕ್ಕಿನ ತಾಳ್ಮೆ. ಇನ್ಸ್‌ಪೆಕ್ಟರು ಜೀಪಿನಿಂದಿಳಿದರು. ಕಾರ್ಯದರ್ಶಿಗಳು ಈ ಸಲ ಅಂಗಿ ತೊಟ್ಟಿದ್ದರು. ಅಜ್ಜಿ ಗೇಟಿನವರೆಗೆ ಬಂದು ಕುರ್ಚಿ ಹಾಕಿಸಿಕೊಂಡಿದ್ದರು.

ಸೂಪರ್‌ವೈಸರ್ ಚೀಲದಿಂದ ಬಿಸ್ಕತ್ತಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟ. "ಕಳ್ಳ ನಾನೇ ಸಾರ್. ಬೆಳಿಗ್ಗೆ ತಪಾಸಣೆಗೆ ಬಂದಿದ್ದೆ. ಇವನು ಮೋಟಾರ್ ಹಾಕಕ್ಕೆ ಹೋಗಿದ್ದ. ಇದರೊಳಗೇನಿದೆ ಅಂತ ಆಮೇಲೆ ಹೇಳ್ತೀನಿ. ಇದಿಲ್ಲದೆ ಹತ್ತು ಗಂಟೆಯಿಂದ ಇವನ ಮೆಷಿನ್ ಖಾಲಿ ಇರಬೇಕು. ನೋಡಿ ಈಗ ಮಜಾ!"

ಯಂತ್ರವನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಗಟ್ಟಿಯಾಗಿ ಓದತೊಡಗಿದ. "ಹತ್ತು ಗಂಟೆ: ಬ್ಯಾಂಕು. ಸ್ಕೂಲು. ಸೇತುವೆ..." ದನಿ ಇಳಿಯಿತು. "ಬಸ್ ನಿಲ್ದಾಣ. ಇನ್ಸ್‌ಪೆಕ್ಟರ್ ಮನೆ ಗೇಟು..."

ಸೀಟಿ ಕಣ್ಣು ಮುಚ್ಚಿಕೊಂಡ. ಹಿಟ್ಟಿನ ಗಿರಣಿಯ ಬೆಲ್ಟು ತಿರುಗುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಗೇಟು ಬಿಟ್ಟು ಊರು ಕಾಯ್ತಿದ್ದಾನಾ ಇವ್ನು?" ಕಾರ್ಯದರ್ಶಿಗಳು ಅಬ್ಬರಿಸಿದರು.

ಇನ್ಸ್‌ಪೆಕ್ಟರು ಪೇದೆಯ ಯಂತ್ರವನ್ನೂ ಇಸಿದುಕೊಂಡು ಚುಚ್ಚಿಸಿದರು. ಅದೇ ಹನ್ನೆರಡು ಜಾಗ, ಅದೇ ಗಂಟೆ, ಅದೇ ನಿಮಿಷ. ಅವರು ಪೇದೆಯನ್ನು ನೋಡಿದರು, ಸೀಟಿಯನ್ನು ನೋಡಿದರು, ಊಟದ ಡಬ್ಬಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಪೊಲೀಸರೂ ಖಾಸಗಿ ಕಾವಲಿನವರೂ ಕೂಡಿ ಕೆಲಸ ಮಾಡಿದ್ದಕ್ಕೆ ಒಂದಾದರೂ ಉದಾಹರಣೆ ಕಳಿಸಿ ಎಂದು ಮೇಲಧಿಕಾರಿಗಳಿಂದ ಮೂರು ಪತ್ರ ಬಂದು ಅವರ ಮೇಜಿನ ಮೇಲೆ ಕೂತಿದ್ದವು.

"ಇವರಿಬ್ಬರೂ ಇವತ್ತು ಜೊತೇಲೇ ಇದ್ದದ್ದನ್ನ ಯಾರಾದ್ರೂ ನೋಡಿದೀರಾ?" ಎಂದು ಕೇಳಿದರು.

"ನಾನು ನೋಡಿದೀನಲ್ಲ! ಬೆಳಿಗ್ಗೆಯಿಂದ ಒಬ್ಬರನ್ನೊಬ್ರು ಬಿಟ್ಟಿಲ್ಲ," ಎಂದರು ಅಜ್ಜಿ. "ಅದೂ ಕೂತಲ್ಲೇ..."

"ಸಾಕು ಅಜ್ಜಿ, ಸಾಕ್ಷಿ ಆಯ್ತು." ಇನ್ಸ್‌ಪೆಕ್ಟರು ಎದ್ದು ಸೀಟಿಯ ಬೆನ್ನು ತಟ್ಟಿದರು. "ಜಂಟಿ ಗಸ್ತು! ನಮ್ಮ ಠಾಣೆಯಲ್ಲಿ ಜನ ಸಾಲದು, ನಿಮ್ಮ ಕಂಪನಿಯಲ್ಲಿ ಇಂಥ ಕಾಲುಗಳಿವೆ. ಇಡೀ ಬೀಟನ್ನ ನಿಮ್ಮ ಕಂಪನಿಗೇ ವಹಿಸಿ ಅಂತ ಇವತ್ತೇ ಬರೀತೀನಿ. ಏನಂತೀರಿ ಸೂಪರ್‌ವೈಸರ್ ಅವರೇ? ಆ ಡಬ್ಬದಲ್ಲಿ ಏನೋ ಇದೆ ಅಂದ್ರಲ್ಲ?"

ಸೂಪರ್‌ವೈಸರ್‌ನ ಕಣ್ಣಲ್ಲಿ ಇಡೀ ಊರಿನ ಗುತ್ತಿಗೆ ಒಮ್ಮೆ ಹಾದುಹೋಯಿತು. ಡಬ್ಬವನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದ.

"ಬಿಸ್ಕತ್ತು ಸಾರ್."

"ಮತ್ತೆ, ಎಲ್ಲಾ ಗುಂಡಿಗೂ ಸಿಮೆಂಟ್ ಹಾಕಿ ಗಟ್ಟಿ ಮಾಡ್ಸಿಬಿಡಿ," ಎಂದರು ಇನ್ಸ್‌ಪೆಕ್ಟರು, ಯಾರ ಮುಖವನ್ನೂ ನೋಡದೆ.

"ಅದೆಲ್ಲಾ ಸರಿ, ನಮ್ಮ ಗೇಟಿಗೆ ಯಾರು?" ಎಂದರು ಕಾರ್ಯದರ್ಶಿಗಳು.

"ಸಹಕಾರ ಅಂದ್ಮೇಲೆ ಎರಡೂ ಕಡೆಯಿಂದ ಇರಬೇಕಲ್ಲ. ನಮ್ಮ ಪೇದೆಯನ್ನ ಕೂರಿಸ್ತೀನಿ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಸೀಟಿ ಬ್ಯಾಂಕು, ಸ್ಕೂಲು, ಬಸ್ ನಿಲ್ದಾಣಗಳನ್ನು ನಾಲ್ಕನೇ ಸಲ ಮುಗಿಸಿದ್ದ. ಸಿಮೆಂಟು ಇನ್ನೂ ಹಸಿಯಾಗಿತ್ತು. ಸೇತುವೆಯ ಗುಂಡಿ ಸೇತುವೆಯ ಆ ತುದಿಯಲ್ಲಿತ್ತು. ಬಲಗಾಲು ಎಳೆಯುತ್ತ ತನ್ನ ಹಳೆಯ ಗೇಟಿಗೆ ಬಂದಾಗ, ಪ್ರಮಾಣಪತ್ರದ ಕೆಳಗೆ ಪೇದೆ ಕೂತಿದ್ದ. ಕಾಲು ಸ್ಟೂಲಿನ ಮೇಲಿತ್ತು. ಅವನು ಕಾಲು ಇಳಿಸದೆಯೇ ಸಂದರ್ಶಕರ ಪುಸ್ತಕವನ್ನು ಮುಂದೆ ತಳ್ಳಿದ.

"ಹೆಸರು, ವಿಳಾಸ ಬರೀರಿ."

"ಸಾರ್, ನಾನು ಸಾರ್. ಸೀಟಿ."

"ಗೊತ್ತಯ್ಯಾ. ಆದ್ರೂ ಬರಿ. ಮೇಲಿಂದ ಅಜ್ಜಿ ನೋಡ್ತಿದಾರೆ."

ಸೀಟಿ ಹೆಸರು ಬರೆದ, ವಿಳಾಸ ಬರೆದ. 'ಬಂದ ಉದ್ದೇಶ' ಎಂಬಲ್ಲಿಗೆ ಬಂದಾಗ ಕುರ್ಚಿಯನ್ನೊಮ್ಮೆ ನೋಡಿದ. ಆಮೇಲೆ 'ಕೂರಲು' ಎಂದು ಬರೆದ.

ಪೇದೆ ಅದನ್ನು ಓದಿ, ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗಿಕೊಂಡು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ: 'ಅನುಮತಿ ಇಲ್ಲ.'